ದೊಡ್ಡ ಸ್ವಾಮಿ ಅಬ್ಬೆ ದುಬ್ವಾ

ಮಾಟುಂಗದಲ್ಲಿ ಗುಡಿಗೆ ಹೋಗುವವರನ್ನೂ ಡಾನ್ ಬಾಸ್ಕೊ ಇಗರ್ಜಿಗೆ ಹೋಗುವವರನ್ನೂ ಒಂದೇ ರಸ್ತೆಯಲ್ಲಿ ಕಾಣುವುದು ನಮಗೆ ನಿತ್ಯದ ರೂಢಿ. ರೂಢಿಯಾದುದರ ಬೆಲೆ ಮನಸ್ಸಿಗೆ ಬರುವುದು ಅಪರೂಪ. ಆದುದರಿಂದ ಈ ರಾಜ್ಯೋತ್ಸವದ ಸಂದರ್ಭದಲ್ಲಿ, ಕನ್ನಡ ನಾಡಿನಲ್ಲಿ ಬಹುಕಾಲ ಬಾಳಿದ ಒಬ್ಬ ಫ್ರೆಂಚ್ ಪಾದ್ರಿಯ ಚರಿತ್ರೆಯನ್ನು ಓದುಗರ ಮುಂದಿಡುತ್ತಿದ್ದೇವೆ.

ಜಾನ್ ಆಂಟ್ವಾನ್ ದುಬ್ವಾ ಅವರು ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಲ್ಲಿ 1766ರ ಸುಮಾರಿಗೆ ಜನಿಸಿದರು. ಅಬ್ಬೆ ಎಂಬುದು ಆ ದೇಶದಲ್ಲಿ ಪಾದ್ರಿಗಳಿಗೆ ಸಲ್ಲುವ ಗೌರವದ ಹೆಸರು. 1792ರಲ್ಲಿ ಅವರು ಗುರುದೀಕ್ಷೆ ಪಡೆದಾಗ ಅಲ್ಲಿ ಕ್ರಾಂತಿಯ ಬಿರುಗಾಳಿ ಬೀಸುತ್ತಿದ್ದಿತು. ಹೊಸ ಸರಕಾರದ ಕಾನೂನಿಗೆ ಪ್ರಮಾಣ ಮಾಡಲೊಪ್ಪದ ಪಾದ್ರಿಗಳು ಸ್ಥಾನ ಕಳೆದುಕೊಂಡರು; ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಕೊಲೆಗೀಡಾದರು. ದುಬ್ವಾ ಅವರು ಅದೇ ವರ್ಷ ತಾಯ್ನಾಡನ್ನು ಬಿಟ್ಟು ಭಾರತಕ್ಕೆ ಬಂದರು.

ಅವರು ಬರುವ ಮೊದಲೇ ನಮ್ಮ ನಾಡಿನ ಕ್ರೈಸ್ತರಿಗೂ ಅಂಥ ಕಷ್ಟ ಒದಗಿದ್ದಿತು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನು 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಇಗರ್ಜಿಗಳು ನೆಲಸಮವಾದವು. ಅನೇಕರು ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದರು. ಅನೇಕರನ್ನು ಬಲಾತ್ಕಾರದಿಂದ ಮತಾಂತರಗೊಳಿಸಲಾಯಿತು. 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಸೂರೆಗೊಂಡಾಗ ಮಠಕ್ಕೆ ಧನಸಹಾಯ ಮಾಡಿದವನೂ ಈ ಸುಲ್ತಾನನೇ. ಪ್ರಜೆಗಳ ಪೂಜೆ ದೊರೆಯ ಮರ್ಜಿಗೆ ಕಟ್ಟುಬಿದ್ದರೆ ಆಗುವ ಗತಿಯನ್ನು ಇದರಿಂದ ತಿಳಿಯಬಹುದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ದುಬ್ವಾ ಅವರಿಗೆ ಕರೆ ಬಂದಿತು. ಹದಿನೈದು ವರ್ಷ ಹೆರವರ ಹೆಸರಿನಲ್ಲಿ ಬದುಕಿದ್ದವರು ತಮ್ಮನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಬೇಡಿದರು. ಅವರು ಸೇರಿಸಿಕೊಂಡರು. ಗಂಜಾಂನಲ್ಲಿ ಇಂದಿಗೂ ಅವರ ಹೆಸರಿನಿಂದ ಕರೆಯುವ ಇಗರ್ಜಿಯಿದೆ. ಆದರೆ ಅಷ್ಟು ಸಾವಿರ ಜನರಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟವರು ಒಬ್ಬರೂ ಇಲ್ಲವೆಂದು ಅವರು ಮುಂದೆ ಬಹು ನೊಂದು ಬರೆದರು. ಈ ಮಾತನ್ನು ಒಪ್ಪಲು ನಮಗೆ ಮನಸ್ಸು ಬಾರದು. ಮಕ್ಕಳುಮರಿಗಳೊಡನೆ ಸೆರೆಯಲ್ಲಿದ್ದವರು ತಲೆಬಾಗಿದರೆ ಅವರನ್ನು ಜರೆಯುವುದು ಸುಲಭ. ಸ್ವತಃ ದುಬ್ವಾ ಅವರಿಗೆ ಹಡಗು ಹತ್ತಲು ದಾರಿಯಿದ್ದಿತು, ಆ ಬಡವರಿಗೆ ಇರಲಿಲ್ಲ. ಬಾಗಿಲು ತೆರೆದೊಡನೆ ಅವರು ಮರಳಿ ಬಂದರಲ್ಲ, ಅದೇ ಅವರ ನಿಷ್ಠೆಗೆ ಸಾಕ್ಷಿ.

ದುಬ್ವಾ ಅವರು ನಮ್ಮವರಂತೆ ನಿಲುವಂಗಿ ತೊಟ್ಟು, ಮುಂಡಾಸು ಸುತ್ತಿ, ಮಾಂಸಾಹಾರವನ್ನು ವರ್ಜಿಸಿ ಬಾಳಿದರು. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ನಿರ್ಗತಿಕರಿಗಾಗಿ ಬೇಸಾಯದ ನೆಲೆ ಮಾಡಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ದುಡಿದರು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವರ ಗ್ರಂಥದಲ್ಲಿ ಕಟುವಾದ ಮಾತುಗಳೂ ಉಂಟು. ಆದರೂ ಅದು ಹೆಸರಾಂತ ಕೃತಿ.

ಆಗ ಅಧಿಕಾರ ಕ್ರೈಸ್ತರಾದ ಇಂಗ್ಲಿಷರ ಕೈಯಲ್ಲಿದ್ದಿತು. ಹೀಗಿದ್ದೂ ಹಿಂದೂಗಳನ್ನು ಮತಾಂತರಿಸುವ ಆಸೆ ಫಲಿಸದೆಂದು ದುಬ್ವಾ ಅವರು 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ನೇರವಾಗಿ ಬರೆದು, ಇಂಗ್ಲಿಷ್ ಮಿಶನರಿಗಳ ಕೋಪಕ್ಕೆ ಗುರಿಯಾದರು. ತಮ್ಮ ಮೂವತ್ತು ವರ್ಷಗಳ ಶ್ರಮದ ಸೋಲನ್ನು ಮರೆಮಾಚದ ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಅದೇ ವರ್ಷ ಫ್ರಾನ್ಸಿಗೆ ಹಿಂದಿರುಗಿ, 1848ರಲ್ಲಿ ಅವರು ತೀರಿಕೊಂಡರು.

ಮುಂಬಯಿಯ ಮಂಗಳೂರು ಕ್ರೈಸ್ತ ಕುಟುಂಬಗಳಲ್ಲಿ ಆ ಸೆರೆಯವರ ವಂಶಜರು ಅನೇಕರಿದ್ದಾರೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮವನ್ನು ದೊರೆಯ ಮರ್ಜಿಯಿಂದ ಬಿಡಿಸಿ ಪ್ರತಿಯೊಬ್ಬರ ಅಂತಃಕರಣಕ್ಕೆ ಒಪ್ಪಿಸಿದೆ. ಕಾನೂನು ಕೊಟ್ಟುದನ್ನು ನೆರೆಹೊರೆಯಲ್ಲಿ ನಡೆಸಿಕೊಡುವುದು ನಮ್ಮ ಕೆಲಸ. ಊರು ಬಿಟ್ಟು ಬಂದ ನಾವು ಪಕ್ಕದ ಮನೆಯವರ ಹಬ್ಬವನ್ನು ಸಂಶಯದಿಂದ ನೋಡದೆ ಬಾಳಿದರೆ ತಾಯಿ ಭುವನೇಶ್ವರಿಗೆ ಸಲ್ಲಿಸುವ ಪೂಜೆ ಸಾರ್ಥಕವಾದೀತು.