ಕಪ್ಪು ಪಾಪೆಯ ಹಿಂದೆ ಇಣುಕಿದ ಹೆಲ್ಮ್‌ಹೋಲ್ಟ್ಸ್

ಲ್ಯಾಬ್‌ನಲ್ಲಿ ಹೆಲ್ಮ್‌ಹೋಲ್ಟ್ಸ್ ಕಾಯಿಲ್ ಹೆಸರು ನಾವು ಕೇಳಿದ್ದೇವೆ. ಮೆಕ್ಯಾನಿಕಲ್‌ನವರಿಗೆ ಹೆಲ್ಮ್‌ಹೋಲ್ಟ್ಸ್ ಫ್ರೀ ಎನರ್ಜಿ ಸಿಕ್ಕೇ ಸಿಗುತ್ತದೆ. ವೈವಾದಲ್ಲಿ ಸೂತ್ರ ಹೇಳಿ ಪಾರಾಗಿದ್ದೇವೆ ಅಷ್ಟೇ. ಈ ಮನುಷ್ಯ ಯಾರು ಅಂತ ಕೇಳಿದ್ದರೆ ನಮ್ಮಲ್ಲಿ ಬಹಳಷ್ಟು ಜನ ತಲೆ ಕೆರೆದುಕೊಳ್ಳುತ್ತಿದ್ದೆವು. ಅವರು ಓದಿದ್ದು ಡಾಕ್ಟರಿಕೆ. ಅದೂ ಇಷ್ಟಪಟ್ಟು ಅಲ್ಲ.

ಹರ್ಮನ್ ಹೆಲ್ಮ್‌ಹೋಲ್ಟ್ಸ್ ಹುಟ್ಟಿದ್ದು 1821ರ ಆಗಸ್ಟ್ 31ರಂದು, ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ. ಅಪ್ಪ ಸ್ಕೂಲ್ ಮೇಷ್ಟ್ರು. ಮಗನಿಗೆ ಫಿಸಿಕ್ಸ್ ಹುಚ್ಚು, ಆದರೆ ಮೇಷ್ಟ್ರ ಸಂಬಳದಲ್ಲಿ ಅದನ್ನು ಓದಿಸುವುದು ಆಗದ ಮಾತು. ಬರ್ಲಿನ್‌ನಲ್ಲಿ ಸೈನ್ಯಕ್ಕೆ ವೈದ್ಯರನ್ನು ತಯಾರು ಮಾಡುವ ಸರ್ಕಾರಿ ಸಂಸ್ಥೆಯೊಂದಿತ್ತು. ಓದಿನ ಖರ್ಚು ಸರ್ಕಾರದ್ದು, ಓದು ಮುಗಿದ ಮೇಲೆ ಎಂಟು ವರ್ಷ ಸೈನ್ಯದಲ್ಲಿ ದುಡಿಯಬೇಕೆಂಬ ಬಾಂಡ್. 1838ರಲ್ಲಿ ಅಲ್ಲಿಗೇ ಸೇರಿದರು. (ಬೇಕಾದ ಬ್ರಾಂಚ್ ಸಿಗದೆ ಸಿಕ್ಕಿದ್ದನ್ನು ತಗೊಂಡು ಬಂದವರು ನಮ್ಮ ಕ್ಲಬ್ಬಿನಲ್ಲೇ ಎಷ್ಟು ಜನ ಇಲ್ಲ!)

ಸೈನ್ಯದ ವೈದ್ಯರಾಗಿದ್ದಾಗಲೇ, 1847ರಲ್ಲಿ, ಶಕ್ತಿಯ ಸಂರಕ್ಷಣೆ ಕುರಿತ ಪ್ರಬಂಧ ಬರೆದರು. ಆಗಿನ ದೊಡ್ಡ ಫಿಸಿಕ್ಸ್ ಪತ್ರಿಕೆ ಅದನ್ನು ತಿರಸ್ಕರಿಸಿತು, ಪುಟ್ಟ ಪುಸ್ತಕವಾಗಿ ಅಚ್ಚು ಹಾಕಿಸಬೇಕಾಯಿತು. ಮರುವರ್ಷ ಬಾಂಡ್‌ನಿಂದ ಅವಧಿಗೆ ಮುಂಚೆಯೇ ಬಿಡುಗಡೆ. 1849ರಲ್ಲಿ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕ ಹುದ್ದೆ.

1850ರಲ್ಲಿ ಅವರು ಕ್ಲಾಸಿಗೆ ಪಾಠ ತಯಾರು ಮಾಡಿಕೊಳ್ಳುತ್ತಿದ್ದರು. ಕಣ್ಣಿನ ಪಾಪೆ ಯಾಕೆ ಯಾವಾಗಲೂ ಕಪ್ಪು? ಒಳಗೆ ಬೆಳಕು ಹೋಗುತ್ತದೆ, ಸ್ವಲ್ಪ ವಾಪಸ್ಸೂ ಬರುತ್ತದೆ. ಆದರೆ ಬಂದ ದಾರಿಯಲ್ಲೇ ತಿರುಗಿ ದೀಪದ ಕಡೆಗೇ ಹೋಗುತ್ತದೆ. ಅದನ್ನು ಹಿಡಿಯಬೇಕೆಂದರೆ ನಮ್ಮ ಕಣ್ಣು ದೀಪ ಇರುವ ಜಾಗದಲ್ಲೇ ಇರಬೇಕು. ಅಲ್ಲಿ ತಲೆ ಇಟ್ಟರೆ ದೀಪಕ್ಕೇ ಅಡ್ಡ!

ಹೆಲ್ಮ್‌ಹೋಲ್ಟ್ಸ್ ಮಾಡಿದ್ದು ಇಷ್ಟು. ದೀಪವನ್ನು ಪಕ್ಕಕ್ಕಿಟ್ಟು, ಇಬ್ಬರ ಕಣ್ಣಿನ ನಡುವೆ ಗಾಜನ್ನು ಓರೆಯಾಗಿ ಹಿಡಿದರು. ಗಾಜಿಗೆ ಬಡಿದ ಬೆಳಕಿನಲ್ಲಿ ಸ್ವಲ್ಪ ಪ್ರತಿಫಲಿಸಿ ರೋಗಿಯ ಕಣ್ಣೊಳಗೆ ಹೋಗುತ್ತದೆ. ತಿರುಗಿ ಬಂದದ್ದರಲ್ಲಿ ಒಂದು ಪಾಲು ಗಾಜನ್ನು ದಾಟಿ ನೋಡುವವರ ಕಣ್ಣಿಗೆ ಬರುತ್ತದೆ. ನಮ್ಮ ಭಾಷೆಯಲ್ಲಿ ಬೀಮ್ ಸ್ಪ್ಲಿಟರ್. ಗಾಜು R ಪಾಲು ಪ್ರತಿಫಲಿಸಿದರೆ ಕೊನೆಗೆ ಉಳಿಯುವುದು R(1−R). ಡಿಫರೆನ್ಷಿಯೇಟ್ ಮಾಡಿ ನೋಡಿ, ಕಾಲು ಭಾಗ ದಾಟುವುದಿಲ್ಲ. ಒಂದೇ ಗಾಜಿನ ಪ್ರತಿಫಲನ ಸಾಲದೆಂದು ತೆಳು ಗಾಜುಗಳನ್ನು ಒಂದರ ಹಿಂದೆ ಒಂದು ಜೋಡಿಸಿದರು. ಜೊತೆಗೆ ಫೋಕಸ್‌ಗೆ ಒಂದು ನಿಮ್ನ ಮಸೂರ. ಮೊದಲ ಮಾದರಿ ರಟ್ಟು, ಗೋಂದು, ಕನ್ನಡಕದ ಮಸೂರಗಳಿಂದಲೇ ಆಯಿತು. 1851ರಲ್ಲಿ ವಿವರ ಪ್ರಕಟವಾಯಿತು. ಅದೇ ಆಪ್ತಾಲ್ಮೋಸ್ಕೋಪ್.

ಕಂಪ್ಯೂಟರ್ ಸೈನ್ಸ್‌ನವರಿಗೆ ಒಂದು ಬೇಜಾರಿನ ಸುದ್ದಿ. ನಿಮ್ಮ ಚಾರ್ಲ್ಸ್ ಬ್ಯಾಬೇಜ್ 1847ರಲ್ಲೇ ಇಂಥದ್ದೊಂದು ಉಪಕರಣ ಮಾಡಿ ಲಂಡನ್ನಿನ ಕಣ್ಣಿನ ವೈದ್ಯರೊಬ್ಬರಿಗೆ ತೋರಿಸಿದ್ದರು. ಅವರಿಗೆ ಅದರ ಉಪಯೋಗ ಹೊಳೆಯಲಿಲ್ಲ, ವಿಷಯ ಅಲ್ಲಿಗೇ ನಿಂತಿತು.

ಶಸ್ತ್ರ ಹಾಕದೆ ಜೀವಂತ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಜಾಗ ರೆಟಿನಾ. ಹೆಲ್ಮ್‌ಹೋಲ್ಟ್ಸ್ ಉಪಕರಣ ಬಂದು ಐದೇ ವರ್ಷಕ್ಕೆ, ವಿಯೆನ್ನಾದ ಎಡ್ವರ್ಡ್ ಯೇಗರ್ ಸಕ್ಕರೆ ಕಾಯಿಲೆಯವರ ರೆಟಿನಾದಲ್ಲಿನ ಬದಲಾವಣೆಗಳನ್ನು ವಿವರಿಸಿದರು. ಸಕ್ಕರೆ ಹೆಚ್ಚಾದರೆ ಅಲ್ಲಿನ ಕೂದಲೆಳೆಗಿಂತ ಸಣ್ಣ ನಾಳಗಳ ಗೋಡೆ ಸಡಿಲವಾಗುತ್ತದೆ. ಅಲ್ಲಲ್ಲಿ ಗುಳ್ಳೆಯಂತೆ ಉಬ್ಬುತ್ತದೆ, ರಕ್ತ ಸೋರುತ್ತದೆ, ಹಳದಿ ಚುಕ್ಕೆಗಳು ಬೀಳುತ್ತವೆ. ಮೊದಮೊದಲು ನೋವಿಲ್ಲ, ದೃಷ್ಟಿಯೂ ಮಂಜಾಗುವುದಿಲ್ಲ. ಮುಂದೆ ಕ್ಯಾಮೆರಾ ಬಂತು. ತೋಳಿಗೆ ಫ್ಲೋರಸೀನ್ ಬಣ್ಣ ಚುಚ್ಚಿ, ನೀಲಿ ಬೆಳಕಿನಲ್ಲಿ ನಾಳಗಳು ಹಸಿರಾಗಿ ಹೊಳೆಯುವ ಚಿತ್ರ ತೆಗೆಯುವ ವಿಧಾನ 1961ರಲ್ಲಿ ಪ್ರಕಟವಾಯಿತು. ಅದನ್ನು ಮಾಡಿದವರು ಅಮೆರಿಕದ ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳು, ನೋವೊಟ್ನಿ ಮತ್ತು ಆಲ್ವಿಸ್. 2016ರಲ್ಲಿ ಗೂಗಲ್‌ನವರು ಇಂಥ ರೋಗ ಗುರುತಿಸುವ ನ್ಯೂರಲ್ ನೆಟ್‌ವರ್ಕ್‌ಗೆ ಒಂದು ಲಕ್ಷಕ್ಕೂ ಹೆಚ್ಚು ಚಿತ್ರ ಕಲಿಸಿದಾಗ, ಚಿತ್ರ ಕೊಟ್ಟವರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಇತ್ತು.

ಹೆಲ್ಮ್‌ಹೋಲ್ಟ್ಸ್ ಆಮೇಲೆ ಬಾನ್, ಹೈಡೆಲ್‌ಬರ್ಗ್‌ಗಳಲ್ಲಿ ಪಾಠ ಮಾಡಿದರು. 1871ರಲ್ಲಿ, ತಮ್ಮ 50ನೇ ವಯಸ್ಸಿಗೆ, ಬರ್ಲಿನ್‌ನಲ್ಲಿ ಕೊನೆಗೂ ಫಿಸಿಕ್ಸ್ ಪ್ರಾಧ್ಯಾಪಕರಾದರು. ಅಲ್ಲಿ ಅವರ ಕೈಕೆಳಗೆ ಪಳಗಿದ ಶಿಷ್ಯ ಹೈನ್‌ರಿಕ್ ಹರ್ಟ್ಸ್. 1894ರ ಜನವರಿ 1ರಂದು ಆ ಶಿಷ್ಯ 36ಕ್ಕೇ ತೀರಿಕೊಂಡರು, ಅದೇ ಸೆಪ್ಟೆಂಬರ್ 8ಕ್ಕೆ ಗುರುವೂ ಹೋದರು.

ಇದನ್ನು ಬರೆಯಲು ಕೂತಾಗ ನಮ್ಮಲ್ಲೊಬ್ಬ ಮನೆಗೆ ಫೋನ್ ಮಾಡಿದ. ಅವರಪ್ಪನಿಗೆ ಒಂಬತ್ತು ವರ್ಷದಿಂದ ಶುಗರ್. ರಕ್ತ ಪರೀಕ್ಷೆ ತಪ್ಪಿಸಿದವರಲ್ಲ, ಆದರೆ ಚೆನ್ನಾಗೇ ಕಾಣುತ್ತಲ್ಲ ಅಂತ ಕಣ್ಣು ಒಮ್ಮೆಯೂ ತೋರಿಸಿಲ್ಲವಂತೆ. ಇಂಟರ್ನಲ್ಸ್ ಮುಗಿದ ಮರುದಿನದ ಬಸ್ಸಿಗೆ ಅವನು ಊರಿಗೆ ಹೊರಟಿದ್ದಾನೆ.