ಚಿನ್ನವನ್ನು ನೀರಿನಲ್ಲಿ ಅಳೆದ ಅಲ್ ಬಿರೂನಿ

ಊರಿಗೆ ಹೊರಡುವ ಮೊದಲು ಮುಬಾರಕಿಯಾದ ಚಿನ್ನದ ಅಂಗಡಿಗಳ ಕಡೆ ಒಂದು ಸುತ್ತು ಹಾಕದ ನಮ್ಮವರು ಕಡಿಮೆ. ತಕ್ಕಡಿ ಎಷ್ಟು ಗ್ರಾಂ ಅಂತ ಹೇಳುತ್ತದೆ. ಒಳಗಿರೋದು ಚಿನ್ನವಾ, ಹಿತ್ತಾಳೆಯಾ ಅಂತ ಹೇಳೋದಿಲ್ಲ. ಸಾವಿರ ವರ್ಷದ ಹಿಂದೆ ಇದಕ್ಕೆ ನೀರಿನ ಸಹಾಯದಿಂದ ಲೆಕ್ಕ ಹಾಕಿಟ್ಟವರು ಅಬೂ ರೈಹಾನ್ ಅಲ್ ಬಿರೂನಿ.

ಹುಟ್ಟಿದ್ದು 973ರಲ್ಲಿ, ಈಗಿನ ಉಜ್ಬೇಕಿಸ್ತಾನದ ಕಾತ್ ಪಟ್ಟಣದ ಹೊರವಲಯದಲ್ಲಿ. ಪರ್ಷಿಯನ್ ಭಾಷೆಯಲ್ಲಿ ಬಿರೂನ್ ಅಂದರೆ ಹೊರಗೆ. ಹೆಸರಿನಲ್ಲೇ ಹೊರಗಿನವರು, ಬದುಕೂ ಹಾಗೇ ಆಯಿತು. ಇಪ್ಪತ್ತೆರಡನೇ ವಯಸ್ಸಿಗೆ ಊರಲ್ಲಿ ಯುದ್ಧ ಹತ್ತಿ ಓಡಿಹೋಗಬೇಕಾಯಿತು. ಆಮೇಲೆ ಹಿಂತಿರುಗಿ ನೆಲೆ ನಿಂತರು ಅನ್ನುವಷ್ಟರಲ್ಲಿ, 1017ರಲ್ಲಿ, ಗಜ್ನಿಯ ಮಹಮೂದ್ ಆ ರಾಜ್ಯ ಗೆದ್ದು ಇವರನ್ನು ತನ್ನ ರಾಜಧಾನಿಗೆ ಕರೆದೊಯ್ದ. ಹೋಗೋದು ಬಿಡೋದು ಇವರ ಕೈಯಲ್ಲಿ ಇರಲಿಲ್ಲ.

ಅಲ್ಲಿಂದ ಭಾರತದ ವಾಯವ್ಯ ಭಾಗಕ್ಕೆ ಬಂದು, ಸಂಸ್ಕೃತ ಕಲಿತು, 1030ರ ಸುಮಾರಿಗೆ ನಮ್ಮ ದೇಶದ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅದರಲ್ಲಿ ಭಾರತದ ಲಿಪಿಗಳನ್ನು ಎಣಿಸುವಾಗ ಕರ್ನಾಟ ಲಿಪಿಯ ಹೆಸರೂ ಇದೆ. ಸೈನ್ಯಗಳಲ್ಲಿ ಕನ್ನರ ಅಂತ ಕರೆಸಿಕೊಳ್ಳುವ ಸೈನಿಕರು ಆ ನಾಡಿನವರು ಅಂತಲೂ ಬರೆದಿದ್ದಾರೆ. ಹೊಟ್ಟೆಪಾಡಿಗೆ ದೂರ ಹೋಗುವ ಕನ್ನಡಿಗರು ಆಗಲೂ ಇದ್ದರು, ನೋಡಿ!

ಈಗ ನೀರಿನ ಲೆಕ್ಕ. ವಸ್ತುವನ್ನು ನೀರಲ್ಲಿ ಮುಳುಗಿಸಿದರೆ ಅದರ ಗಾತ್ರದಷ್ಟೇ ನೀರು ಜಾಗ ಬಿಡುತ್ತದೆ. ಇದು ಆರ್ಕಿಮಿಡೀಸ್ ಕಾಲದಿಂದ ಗೊತ್ತು. ಬಿರೂನಿ ಮಾಡಿಸಿದ್ದು ಕೆಳಗೆ ಅಗಲ, ಕುತ್ತಿಗೆ ಸಣ್ಣ ಇರುವ, ಪಕ್ಕದಲ್ಲಿ ಕೊಳವೆ ಇರುವ ಪಾತ್ರೆ. ಕುತ್ತಿಗೆ ಸಣ್ಣ ಇದ್ದರೆ ಚೂರು ಲೋಹ ಹಾಕಿದರೂ ನೀರು ಏರಿದ್ದು ಕಾಣುತ್ತದೆ. ಕೊಳವೆಯಿಂದ ಹೊರಬಿದ್ದ ನೀರನ್ನು ತೂಗಿದರೆ ಗಾತ್ರ ಸಿಕ್ಕಿತು. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಚಿನ್ನ, ಪಾದರಸ, ಸೀಸ, ಬೆಳ್ಳಿ, ತಾಮ್ರ, ಹರಳು ಎಲ್ಲವನ್ನೂ ಹೀಗೆ ಅಳೆದರು. ಅವರ ಅಂಕಿಗಳು ಇವತ್ತಿನ ಲೆಕ್ಕಕ್ಕೆ ತೀರಾ ಹತ್ತಿರ. 1121ರಲ್ಲಿ ಅಲ್ ಖಾಜಿನಿ ತಕ್ಕಡಿಯ ಬಗ್ಗೆ ಬರೆದ ಪುಸ್ತಕದಲ್ಲಿ ಅವು ಉಳಿದುಕೊಂಡಿವೆ.

ಶುದ್ಧ ಚಿನ್ನ ನೀರಿಗಿಂತ 19.3 ಪಟ್ಟು ಭಾರ, ಬೆಳ್ಳಿ 10.5, ಹಿತ್ತಾಳೆ ಸುಮಾರು 8.5. ಅಂದರೆ 22 ಕ್ಯಾರೆಟ್‌ನ 20 ಗ್ರಾಂ ಬಳೆ ಹೆಚ್ಚುಕಮ್ಮಿ 1.1 ಮಿಲಿ ನೀರಿನ ಜಾಗ ಹಿಡಿಯುತ್ತದೆ. ಚಿನ್ನದ ನೀರು ಕೊಟ್ಟ ಹಿತ್ತಾಳೆ ಬಳೆಯಾದರೆ 2.3 ಮಿಲಿ, ಡಬಲ್! ಮನೆಯಲ್ಲೇ ನೋಡಬಹುದು: ಸಣ್ಣ ಡಿಜಿಟಲ್ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಬಳೆಯನ್ನು ದಾರದಲ್ಲಿ ಕಟ್ಟಿ ತಳ ತಾಗದ ಹಾಗೆ ಮುಳುಗಿಸಿ. ತೋರಿಸಿದ ಗ್ರಾಂ ಅಷ್ಟೇ ಮಿಲಿ ಗಾತ್ರ. ಒಂದು ಗ್ರಾಮಿನ ಹತ್ತನೇ ಒಂದಂಶವಾದರೂ ತೋರಿಸುವ ತಕ್ಕಡಿ ಬೇಕು, ಅಡುಗೆಮನೆಯದ್ದು ಸಾಲದು. ಕಲ್ಲು ಕೂರಿಸಿದ ಒಡವೆ, ಒಳಗೆ ಟೊಳ್ಳಿರುವ ಬಳೆಗೆ ಇದು ನಡೆಯೋದಿಲ್ಲ. ಟಂಗ್‌ಸ್ಟನ್ ಸಾಂದ್ರತೆ ಚಿನ್ನದಷ್ಟೇ ಇರೋದರಿಂದ ಗಟ್ಟಿಯೊಳಗೆ ಅದನ್ನು ತುಂಬಿದ್ದರೆ ಈ ಪರೀಕ್ಷೆ ಮೋಸ ಹೋಗುತ್ತದೆ. ಹಾಗಾಗಿ ಮುದ್ರೆ, ಬಿಲ್ಲು ಬಿಡಬೇಡಿ.

ಇದೇ ಲೆಕ್ಕ ಕುವೈತ್ ಬಂದರಿನಲ್ಲೂ ಕೆಲಸ ಮಾಡಿದೆ. 1964ರಲ್ಲಿ ಸಾವಿರಾರು ಕುರಿಗಳ ಸಮೇತ ಮುಳುಗಿದ 'ಅಲ್ ಕುವೈತ್' ಹಡಗಿನೊಳಕ್ಕೆ ಡೆನ್ಮಾರ್ಕಿನ ಕಾರ್ಲ್ ಕ್ರೋಯರ್ ಹಗುರವಾದ ಪ್ಲಾಸ್ಟಿಕ್ ಗುಂಡುಗಳನ್ನು ಪಂಪ್ ಮಾಡಿಸಿದರು. ಒಳಗಿನ ನೀರು ಹೊರಬಂತು, ಹಡಗು ಮೇಲೆದ್ದಿತು.

ಮಹಮೂದ್ ಸತ್ತ ಮೇಲೆ ಅವನ ಮಗ, ಮೊಮ್ಮಗನ ಕಾಲಕ್ಕೂ ಬಿರೂನಿ ಬರೆಯುತ್ತಲೇ ಇದ್ದರು. ವಯಸ್ಸಾದ ಮೇಲೆ ಬರೆದದ್ದು ರತ್ನ, ಮುತ್ತು, ಲೋಹಗಳ ಪುಸ್ತಕ. 1048ರ ಸುಮಾರಿಗೆ ಗಜ್ನಿಯಲ್ಲೇ ತೀರಿಕೊಂಡರು. ಅವರ ಹುಟ್ಟೂರಿಗೆ ಈಗ ಬೆರೂನಿ ಅಂತಲೇ ಹೆಸರು.