ಗಡಿ ದಾಟಿದ ಧೋಂಡಿಯಾ, ಗಡಿಯಲ್ಲಿ ನಿಂತ ಸೇನೆ

ಶ್ರೀರಂಗಪಟ್ಟಣ: 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಹತನಾದ ಸಂಗತಿ ನಾಡಿಗೆಲ್ಲ ಗೊತ್ತು. ಅದೇ ಗದ್ದಲದಲ್ಲಿ ಇಲ್ಲಿನ ಸೆರೆಯಿಂದ ಹೊರಬಿದ್ದ ಕೈದಿಯೊಬ್ಬ ಮುಂದಿನ ಹದಿನಾರು ತಿಂಗಳು ಮೈಸೂರು ಮತ್ತು ಮರಾಠ ಸೀಮೆಗಳೆರಡರ ನಿದ್ದೆಗೆಡಿಸಿದ. ಅವನೇ ಧೋಂಡಿಯಾ ವಾಘ್.

ಚನ್ನಗಿರಿಯಲ್ಲಿ ಹುಟ್ಟಿದ ಈ ಮರಾಠ, ಹೈದರಾಲಿಯ ಸೈನ್ಯದಲ್ಲಿ ಸವಾರನಾಗಿದ್ದ. ಮೂರನೇ ಮೈಸೂರು ಯುದ್ಧದ ವೇಳೆ ಸೈನ್ಯ ತೊರೆದು ಧಾರವಾಡದ ಕಡೆ ಲೂಟಿಗಿಳಿದ. ಮರಾಠ ಸರದಾರ ಧೋಂಡೋಪಂತ ಗೋಖಲೆ ಬೆನ್ನಟ್ಟಿದಾಗ ಟಿಪ್ಪುವಿನ ಆಶ್ರಯಕ್ಕೆ ಬಂದ. ಮತಾಂತರಗೊಂಡು ಮಲಿಕ್ ಜಹಾನ್ ಖಾನ್ ಎನಿಸಿಕೊಂಡ. ಸುಲ್ತಾನನ ವಿಶ್ವಾಸ ಬಹಳ ಕಾಲ ಉಳಿಯಲಿಲ್ಲ. ಕಾಲಿಗೆ ಸಂಕೋಲೆ ಬಿತ್ತು.

ಬಿಡುಗಡೆಯಾದವನೇ ಮಲೆನಾಡಿನತ್ತ ಧಾವಿಸಿದ. ಟಿಪ್ಪುವಿನ ಮರಣದಿಂದ ಕೆಲಸ ಕಳೆದುಕೊಂಡಿದ್ದ ಸವಾರರು ಬಂದು ಕೂಡಿಕೊಂಡರು. ಬಿದನೂರು, ಶಿವಮೊಗ್ಗ ಸೀಮೆ ಅವನ ವಶವಾಯಿತು. ಕಂಪನಿಯ ಎರಡು ದಳಗಳು ಅಟ್ಟಿಸಿಕೊಂಡು ಹೋದಾಗ, 1799ರ ಆಗಸ್ಟ್‌ನಲ್ಲಿ ಅವನು ಮರಾಠರ ಗಡಿ ದಾಟಿದ. ದಳಗಳು ಅಲ್ಲೇ ನಿಂತವು. ಪರರಾಜ್ಯದ ನೆಲಕ್ಕೆ ಕಾಲಿಡುವಂತಿಲ್ಲವೆಂಬುದು ಮೇಲಿನಿಂದ ಬಂದ ಅಪ್ಪಣೆ. ಆಚೆ ಬದಿಯಲ್ಲಿ ಗೋಖಲೆ ಅವನ ಬಿಡಾರದ ಮೇಲೆರಗಿ ಆನೆ, ಒಂಟೆ, ಫಿರಂಗಿಗಳನ್ನು ಕಸಿದುಕೊಂಡನಾದರೂ ಮನುಷ್ಯ ಸಿಗಲಿಲ್ಲ. ಚೇತರಿಸಿಕೊಂಡವನು ತನ್ನನ್ನು ಉಭಯ ಲೋಕಾಧೀಶ್ವರನೆಂದು ಕರೆದುಕೊಂಡ.

ಇಂದಿನ ಓದುಗರಿಗೆ ಈ ಇಕ್ಕಟ್ಟು ಹೊಸದೇನಲ್ಲ. ನಾಗಮಂಗಲದಲ್ಲೋ ಪಾಂಡವಪುರದಲ್ಲೋ ಒಂದು ಕಚೇರಿಯ ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ನುಗ್ಗಿ ಕಡತಗಳಿಗೆ ಬೀಗ ಬಿದ್ದರೆ, ದೂರು ಇಲ್ಲೇ ದಾಖಲಾಗುತ್ತದೆ. ಆದರೆ ಸುಲಿಗೆಕೋರ ಒಂದು ದೇಶದಲ್ಲಿ, ಅವನ ಸರ್ವರ್ ಮತ್ತೊಂದರಲ್ಲಿ, ಕ್ರಿಪ್ಟೋ ಹಣ ಇನ್ನೆಲ್ಲೋ ಇರಬಹುದು. ಪರದೇಶದ ನೆರವು ಬೇಕಾದರೆ ಕೋರಿಕೆ ದೆಹಲಿಯ ಗೃಹ ಸಚಿವಾಲಯದ ಮೂಲಕವೇ ಹೋಗಬೇಕು. ಸೈಬರ್ ಅಪರಾಧ ಕುರಿತ 2001ರ ಬುಡಾಪೆಸ್ಟ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಧೋಂಡಿಯಾನಿಗೆ ಸಿಕ್ಕ ಬಿಡುವು ಹತ್ತು ತಿಂಗಳು. ಕಂಪ್ಯೂಟರಿನಲ್ಲಿ ಸಾಕ್ಷ್ಯ ಅಳಿಸಲು ಕೆಲವು ನಿಮಿಷ ಸಾಕು.

ಆ ಹತ್ತು ತಿಂಗಳಿಗೆ ತೆತ್ತ ಬೆಲೆ ದೊಡ್ಡದು. ಶ್ರೀರಂಗಪಟ್ಟಣದಲ್ಲಿ ಸೇನಾಧಿಪತಿಯಾಗಿದ್ದ ಆರ್ಥರ್ ವೆಲ್ಲೆಸ್ಲಿಗೆ, ಅಂದರೆ ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನಿಗೆ, ಪೇಶ್ವೆಯ ಒಪ್ಪಿಗೆ ದೊರೆತು ಸೇನೆ ತುಂಗಭದ್ರೆಯನ್ನು ದಾಟಿದ್ದು 1800ರ ಜೂನ್‌ನಲ್ಲಿ. ಅದೇ ತಿಂಗಳ ಕೊನೆಗೆ ಧೋಂಡಿಯಾ ಗೋಖಲೆಯನ್ನು ಕೊಂದ. ಗೋಖಲೆಯ ರಕ್ತದಲ್ಲಿ ಮೀಸೆ ಅದ್ದುವ ಶಪಥವನ್ನು ತೀರಿಸಿಕೊಂಡನೆಂಬ ಕಥೆಯೂ ಇದೆ. ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು.

ಅನುಮತಿ ಸಿಕ್ಕ ಮೇಲೆ ಕೆಲಸ ಬೇಗ ಸಾಗಿತು. ರಾಣೆಬೆನ್ನೂರು, ಡಂಬಳ ಕೈಸೇರಿದವು. ಜುಲೈ 30ರಂದು ಮಲಪ್ರಭೆಯ ದಂಡೆಯ ಮನೋಳಿಯಲ್ಲಿ ಅವನ ಪಾಳೆಯದ ಒಂದು ಭಾಗ ನಾಶವಾಯಿತು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ನಾಲ್ಕು ಅಶ್ವದಳಗಳು ಒಂದೇ ಸಾಲಿನಲ್ಲಿ ನುಗ್ಗಿದವು. ಸುಮಾರು ಐದು ಸಾವಿರ ಸವಾರರಿದ್ದ ಪಡೆ ಚದುರಿತು. ಧೋಂಡಿಯಾನ ಶವವನ್ನು ಫಿರಂಗಿಗೆ ಕಟ್ಟಿ ಬಿಡಾರಕ್ಕೆ ತಂದರು.

ಅವನ ಸಾಮಾನು ಸರಂಜಾಮುಗಳ ನಡುವೆ ಸುಮಾರು ನಾಲ್ಕು ವರ್ಷದ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆತಂದು ಸಾಕಿದ. ಭಾರತ ಬಿಡುವಾಗ ಹುಡುಗನ ಪೋಷಣೆಯ ಹಣವನ್ನು ಶ್ರೀರಂಗಪಟ್ಟಣದ ಕಲೆಕ್ಟರ್ ಸೈಮನ್ಸ್ ಬಳಿ ಇಟ್ಟುಹೋದ. ಬೆಳೆದ ಸಲಾಬತ್ ಮೈಸೂರು ಮಹಾರಾಜರ ಸೇವೆಗೆ ಸೇರಿದ. 1822ರಲ್ಲಿ ಕಾಲರಾ ಅವನನ್ನು ಬಲಿ ತೆಗೆದುಕೊಂಡಿತು.